ಬೆಟ್ಟ ಒಂದು, ಮಗ್ಗುಲು ಎರಡು
(ಕಲಿಕಾ ಕೇಂದ್ರವೊಂದರಲ್ಲಿ ಆಡಿದ ಮಾತು)



ಈ ವಾರ ನಿಮ್ಮಲ್ಲಿ ಎಷ್ಟು ಜನರ ಮನೆಯಲ್ಲಿ ಆಲೂಗಡ್ಡೆ ಪಲ್ಯ ಮಾಡಿದ್ದೀರಿ? ಕೈ ಎತ್ತಿ ನೋಡೋಣ. ಅಬ್ಬಾ, ಬಹಳ ಮಂದಿ ಇದ್ದೀರಿ! ಸರಿ, ಈ ಆಲೂಗಡ್ಡೆಯ ತವರುಮನೆ ಯಾವುದು ಗೊತ್ತೇ? ಹಾಸನ ಅಂತೀರಿ. ಅಲ್ಲ. ಅದರ ತವರು ಸಮುದ್ರದಾಚೆ ಬಹಳ ದೂರದಲ್ಲಿದೆ. ದಕ್ಷಿಣ ಅಮೆರಿಕ ಎಂಬ ಖಂಡದಲ್ಲಿ ಆಂಡಿಸ್ ಎಂಬ ಬೆಟ್ಟಸಾಲು ಇದೆ. ಸಾವಿರಾರು ವರ್ಷಗಳ ಹಿಂದೆ ಆ ಬೆಟ್ಟದ ರೈತರು ಕಾಡುಗಡ್ಡೆಯನ್ನು ಹೊಲದ ಬೆಳೆ ಮಾಡಿದರು. ಅದು ಅಲ್ಲಿಂದ ಯುರೋಪಿಗೆ ಹೋಯಿತು. ಯುರೋಪಿನವರ ಹಡಗು ಹತ್ತಿ ನಮ್ಮ ದೇಶಕ್ಕೆ ಬಂತು.

ಇವತ್ತು ಆ ಬೆಟ್ಟದ ಕಥೆ ಹೇಳುತ್ತೇನೆ.

ಗೋಡೆಯ ಮೇಲಿನ ನಕಾಶೆ ನೋಡಿ. ಇದು ದಕ್ಷಿಣ ಅಮೆರಿಕ. ಇದರ ಪಶ್ಚಿಮದ ಅಂಚಿಗೆ, ಕಡಲಿನ ಪಕ್ಕಕ್ಕೇ, ಸೀರೆಗೆ ಅಂಚು ಹೊಲಿದ ಹಾಗೆ ಆಂಡಿಸ್ ನಿಂತಿದೆ. ಉದ್ದ ಸುಮಾರು 7,000 ಕಿಲೋಮೀಟರ್. ಬೀದರಿನಿಂದ ಚಾಮರಾಜನಗರಕ್ಕೆ ನೇರ ಗೆರೆ ಎಳೆಯಿರಿ. ಅಂಥ ಹತ್ತು ಗೆರೆ ಸೇರಿದರೆ ಎಷ್ಟೋ, ಅಷ್ಟು ಉದ್ದ! ಏಳು ದೇಶಗಳನ್ನು ಅದು ಹಾಯ್ದು ಹೋಗುತ್ತದೆ. ಅದರ ಅತಿ ಎತ್ತರದ ಶಿಖರ ಅಕಾಂಕಾಗುವಾ. ಎತ್ತರ 6,961 ಮೀಟರ್. ನಮ್ಮ ಮುಳ್ಳಯ್ಯನಗಿರಿಯ ಮೂರೂವರೆ ಪಟ್ಟಿಗೂ ಹೆಚ್ಚು.

ಇಷ್ಟು ದೊಡ್ಡ ಬೆಟ್ಟ ಕಡಲ ಅಂಚಿಗೇ ಏಕೆ ಎದ್ದಿತು? ಮನೆಯಲ್ಲಿ ಚಾಪೆಯನ್ನು ಗೋಡೆಯ ಕಡೆಗೆ ತಳ್ಳಿ ನೋಡಿ. ಚಾಪೆ ಮಡಿಕೆ ಮಡಿಕೆಯಾಗಿ ಮೇಲೇಳುತ್ತದೆ. ಭೂಮಿಯ ಮೇಲ್ಪದರವೂ ದೊಡ್ಡ ದೊಡ್ಡ ಹಲಗೆಗಳಾಗಿದೆ. ಅಲ್ಲಿ ಕಡಲ ತಳದ ಹಲಗೆ ವರ್ಷಕ್ಕೆ ಕೆಲವೇ ಸೆಂಟಿಮೀಟರ್ ಸರಿಯುತ್ತಾ ನೆಲದ ಹಲಗೆಯ ಕೆಳಗೆ ನುಗ್ಗುತ್ತಿದೆ. ಆ ಒತ್ತಡಕ್ಕೆ ನೆಲ ಮಡಿಸಿಕೊಂಡು ಎದ್ದಿದೆ. ಅಲ್ಲಲ್ಲಿ ಬೆಂಕಿ ಉಗುಳುವ ಜ್ವಾಲಾಮುಖಿಗಳೂ ಇವೆ.

ಅದೇ ಒತ್ತಡಕ್ಕೆ ಅಲ್ಲಿ ಭೂಮಿ ನಡುಗುತ್ತದೆ. 1960ರ ಮೇ 22ರಂದು ಚಿಲಿ ದೇಶದಲ್ಲಿ ಭೂಕಂಪವಾಯಿತು. ಮನುಷ್ಯರು ಇದುವರೆಗೆ ಅಳೆದ ಭೂಕಂಪಗಳಲ್ಲಿ ಅದೇ ಅತಿ ದೊಡ್ಡದು. ಸಮುದ್ರ ಉಕ್ಕಿ ಬಂತು. ನೆಲ ನಡುಗಿದ ಕೂಡಲೇ ಗುಡ್ಡ ಹತ್ತಿದ ಎಷ್ಟೋ ಜನ ಉಳಿದರು. ಅದೇ ಅಲೆ ಸುಮಾರು 15 ಗಂಟೆ ಓಡಿ ಹವಾಯಿ ದ್ವೀಪ ಮುಟ್ಟಿತು. ಅಲ್ಲಿಯ ಹೀಲೋ ಪಟ್ಟಣದಲ್ಲಿ ಮೊದಲೇ ಎಚ್ಚರಿಕೆಯ ಸೈರನ್ ಕೂಗಿತ್ತು. ಆದರೂ ಬಹಳ ಮಂದಿ ಜಾಗ ಬಿಟ್ಟು ಕದಲಲಿಲ್ಲ. 61 ಮಂದಿ ಸತ್ತರು. ನೋಡಿ, ಸೈರನ್ ಕಿವಿಗೆ ಬಿದ್ದರೆ ಸಾಲದು. ಅದರ ಅರ್ಥ ತಿಳಿದಿರಬೇಕು, ಕಾಲು ಏಳಬೇಕು.

ಈಗ ನೀರಿನ ಮಾತಿಗೆ ಬರೋಣ. ನಮ್ಮ ಪಶ್ಚಿಮ ಘಟ್ಟ ನಿಮಗೆ ಗೊತ್ತು. ಮುಂಗಾರಿನ ಗಾಳಿ ಕಡಲಿನಿಂದ ಬರುತ್ತದೆ. ಘಟ್ಟ ಅದನ್ನು ತಡೆಯುತ್ತದೆ. ಆಗುಂಬೆಯಲ್ಲಿ ಜಡಿಮಳೆ, ಚಿತ್ರದುರ್ಗದಲ್ಲಿ ಒಣಹವೆ. ಕಡಲ ಮಗ್ಗುಲು ಹಸಿರು, ಒಳನಾಡಿನ ಮಗ್ಗುಲು ಬಯಲು.

ಆಂಡಿಸ್‌ನ ನಡುಭಾಗದಲ್ಲಿ ಇದು ತಿರುವುಮುರುವು! ಅಲ್ಲಿ ಮಳೆಗಾಳಿ ಪೂರ್ವದಿಂದ ಬರುತ್ತದೆ. ಹಾಗಾಗಿ ಪೂರ್ವದ ಮಗ್ಗುಲಿನಲ್ಲಿ ಅಮೆಜಾನ್ ಕಾಡು. ಪಶ್ಚಿಮದಲ್ಲಿ ಕಡಲು ಕಣ್ಣೆದುರೇ ಇದ್ದರೂ ಅಟಕಾಮಾ ಎಂಬ ಮರುಭೂಮಿ. ಲೋಕದ ಅತಿ ಒಣ ಜಾಗಗಳಲ್ಲಿ ಅದೂ ಒಂದು. ಇನ್ನೊಂದು ಕಾರಣವೂ ಉಂಟು. ಆ ಕಡಲಿನಲ್ಲಿ ತಣ್ಣೀರಿನ ಪ್ರವಾಹ ಹರಿಯುತ್ತದೆ. ಅದರ ಮೇಲಿನ ತಂಪು ಗಾಳಿ ಮೇಲೇರಿ ಮಳೆಮೋಡ ಆಗುವುದಿಲ್ಲ. ಬರೀ ಮಂಜು ಆಗುತ್ತದೆ.

ಆ ಮಂಜನ್ನೇ ಹಿಡಿದರೆ? ಚಳಿಗಾಲದ ಬೆಳಗ್ಗೆ ಜೇಡರ ಬಲೆಯಲ್ಲಿ ಹನಿ ಕಟ್ಟಿರುವುದನ್ನು ಕಂಡಿದ್ದೀರಲ್ಲ? ಚಿಲಿಯ ಚುಂಗುಂಗೋ ಎಂಬ ಮೀನುಗಾರರ ಹಳ್ಳಿಯಲ್ಲಿ ಅದೇ ಉಪಾಯ ಮಾಡಿದರು. ಆ ಹಳ್ಳಿಗೆ ಲಾರಿಯಲ್ಲಿ ನೀರು ಬರುತ್ತಿತ್ತು. ಗುಡ್ಡದ ಮೇಲೆ ಕಂಬ ನೆಟ್ಟು ದೊಡ್ಡ ದೊಡ್ಡ ಬಲೆ ಕಟ್ಟಿದರು. ಮಂಜು ಬಲೆಗೆ ತಾಗಿ ಹನಿಯಾಯಿತು. ಹನಿ ಇಳಿದು ಕೊಳವೆ ಸೇರಿತು. 1990ರ ದಶಕದಲ್ಲಿ ಮಂಜಿನ ನೀರು ಮನೆಗಳ ನಲ್ಲಿಗೆ ಬಂತು! ಅಂಗಳದಲ್ಲಿ ತರಕಾರಿ ಬೆಳೆದವು.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಬಲೆ ಹರಿದರೆ ಹೊಲಿಯಬೇಕು, ಕಂಬ ಬಿದ್ದರೆ ನಿಲ್ಲಿಸಬೇಕು. ಕೆಲವು ವರ್ಷಗಳಲ್ಲಿ ಆ ನಿಗಾ ತಪ್ಪಿತು. ಬಲೆಗಳು ಹಾಳಾದವು. ಮತ್ತೆ ಲಾರಿಯ ನೀರೇ ಗತಿಯಾಯಿತು. ನಮ್ಮೂರ ಕೊಳವೆಬಾವಿಯ ಕೈಪಂಪು ನೆನಪಾಗುತ್ತದೆ, ಅಲ್ಲವೇ? ತಂದು ನಿಲ್ಲಿಸುವುದು ಒಂದು ದಿನದ ಹಬ್ಬ. ಕಾಪಾಡುವುದು ದಿನಾ ಮಾಡುವ ಕೆಲಸ.

ಆಂಡಿಸ್‌ನ ತಲೆಯ ಮೇಲೆ ಹಿಮದ ಗಡ್ಡೆಗಳಿವೆ. ಅವು ನೀರಿನ ಕಣಜ ಇದ್ದಂತೆ. ಮಳೆ ಇಲ್ಲದ ತಿಂಗಳಲ್ಲಿ ಸ್ವಲ್ಪ ಸ್ವಲ್ಪವೇ ಕರಗಿ ಹೊಳೆಗೆ ನೀರು ಕೊಡುತ್ತವೆ. ಈಗ ಭೂಮಿ ಬಿಸಿಯಾಗುತ್ತಿದೆ. ಪೆರು ದೇಶದಲ್ಲಿ ಸುಮಾರು ಅರವತ್ತು ವರ್ಷಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹಿಮಪ್ರದೇಶ ಕರಗಿಹೋಗಿದೆ. ಕಣಜ ಬರಿದಾದರೆ ಕೆಳಗಿನ ಹೊಲಗಳ ಗತಿ ಏನು? ಅಲ್ಲಿಯ ರೈತರನ್ನು ಕಾಡುವ ಚಿಂತೆ ಇದೇ.

ನಮ್ಮ ಘಟ್ಟದ ಮೇಲೆ ಹಿಮ ಇಲ್ಲ. ನಮಗೆ ಕಾಡೇ ಕಣಜ. ಮಳೆನೀರನ್ನು ಹಿಡಿದಿಟ್ಟು ಕಾವೇರಿಗೆ, ತುಂಗೆಗೆ, ಭದ್ರೆಗೆ ಬಿಡುವುದು ಅದೇ. ಬಯಲುಸೀಮೆಯವನು ಘಟ್ಟ ನೋಡದೇ ಇರಬಹುದು. ಅವನು ಕುಡಿಯುವ ನೀರು ಘಟ್ಟದಿಂದ ಬಂದಿರಬಹುದು.

ಮನೆಗೆ ಹೋದ ಮೇಲೆ ಒಂದು ಕೆಲಸ ಮಾಡಿ. ಮಕ್ಕಳ ಪುಸ್ತಕದ ನಕಾಶೆ ತೆಗೆಯಿರಿ. ಆಂಡಿಸ್ ಎಲ್ಲಿದೆ, ಬೆರಳಿಟ್ಟು ಓದಿ. ಆಮೇಲೆ ನಿಮ್ಮೂರ ನೀರು ಯಾವ ಬೆಟ್ಟದಿಂದ, ಯಾವ ಹಳ್ಳದಿಂದ ಬರುತ್ತದೆ ಅಂತ ಹುಡುಕಿ. ನಾಳೆ ಬರುವಾಗ ಅದರ ಹೆಸರನ್ನು ಸ್ಲೇಟಿನ ಮೇಲೆ ನೀವೇ ಬರೆದು ತನ್ನಿ. ಎಲ್ಲರೂ ಸೇರಿ ಓದೋಣ.