ಊರ ಸಿಹಿ, ಪರವೂರ ಸಿಹಿ



ಕಳೆದ ಮಳೆಗಾಲದ ಮೊದಲಲ್ಲಿ ನಮ್ಮ ಮನೆಯೊಳಗೆ ಒಂದು ಚಿಕ್ಕ ವ್ಯಾಜ್ಯ ಹುಟ್ಟಿತು. ನಮ್ಮ ಮನೆ ಚಾರ್ಮಾಡಿ ಘಾಟಿಯ ಬುಡದಲ್ಲಿ, ಅಡಕೆ ತೋಟದ ಅಂಚಿನಲ್ಲಿದೆ. ಪರದೇಶದಲ್ಲಿ ಎಂಜಿನಿಯರನಾಗಿರುವ ನನ್ನ ತಮ್ಮ ಹೆಂಡತಿ ಮಕ್ಕಳೊಡನೆ ಬಂದಿದ್ದ. ಬರುವಾಗ ಒಂದು ದೊಡ್ಡ ಡಬ್ಬಿ ಚಾಕೊಲೇಟನ್ನು ತಂದಿದ್ದ. ಅವನ ಮಗ, ಹತ್ತು ವರ್ಷದ ಹುಡುಗ, ಡಬ್ಬಿಯಿಂದ ಕಪ್ಪು ಬಿಲ್ಲೆಯೊಂದನ್ನು ಆರಿಸಿ ಅಜ್ಜಿಯ ಕೈಯಲ್ಲಿಟ್ಟ. ನನ್ನ ತಾಯಿಗೆ ಎಂಬತ್ತು ದಾಟಿದೆ. ಅವರು ಅದನ್ನು ಬಾಯಿಗೆ ಹಾಕಿ ಮುಖ ಸಿಂಡರಿಸಿ, “ಇದೆಂಥದು ಮಗಾ, ಮಿಠಾಯಿಯೋ ಕಷಾಯವೋ?” ಎಂದರು.

ಮರುದಿನ ತಾಯಿಯವರು ಹಲಸಿನ ಹಣ್ಣಿನ ಗಟ್ಟಿ ಮಾಡಿದರು. ಅಕ್ಕಿ, ಬೆಲ್ಲ, ಕಾಯಿತುರಿ, ಹಣ್ಣು ಸೇರಿಸಿ ರುಬ್ಬಿ, ತೇಗದ ಎಲೆಯಲ್ಲಿ ಮಡಚಿ, ಹಬೆಯಲ್ಲಿ ಬೇಯಿಸಿದ್ದು. ಎಲೆಯ ಕೆಂಪು ಬಣ್ಣ, ನರನರಗಳ ಗುರುತು ಎಲ್ಲವೂ ಗಟ್ಟಿಯ ಮೈಮೇಲೆ ಮೂಡಿದ್ದವು. ಹುಡುಗ ಮೂಸಿ ನೋಡಿ, “ಬೇಡ ಅಜ್ಜಿ” ಎಂದು ತಟ್ಟೆಯನ್ನು ಸರಿಸಿದ. ಒಬ್ಬರ ಸಿಹಿ ಇನ್ನೊಬ್ಬರಿಗೆ ಕಷಾಯ! ತೀರ್ಪು ಹೇಳುವ ಕೆಲಸ ಕನ್ನಡ ಪಂಡಿತನಾದ ನನ್ನ ಪಾಲಿಗೆ ಬಂತು.

ಇಂಥ ವ್ಯಾಜ್ಯ ನಮ್ಮ ಮನೆಯೊಂದರದೇ ಅಲ್ಲ. ಪಟ್ಟಣದ ಮನೆಮನೆಯಲ್ಲಿಯೂ ಇದು ಉಂಟು. ಹಿರಿಯರಿಗೆ ಚಾಕೊಲೇಟು, ಕೇಕು ಎಂದರೆ ಪರದೇಶದ ಚಟ; ಕಿರಿಯರಿಗೆ ಬೆಲ್ಲದುಂಡೆ, ಸುಕ್ಕಿನುಂಡೆ ಎಂದರೆ ಹಳ್ಳಿಯ ಗೊಡ್ಡು. ಎರಡು ಪಕ್ಷದವರೂ ಸಾಕ್ಷಿಗಳನ್ನು ವಿಚಾರಿಸದೆ ತೀರ್ಪು ಕೊಟ್ಟವರು ಎಂಬುದು ನನ್ನ ಅಭಿಪ್ರಾಯ. ಈ ಹೊತ್ತು ಆ ಸಾಕ್ಷಿಗಳನ್ನು ನಿಮ್ಮ ಮುಂದೆ ಕರೆಯುತ್ತೇನೆ.

ಮೊದಲನೆಯ ಸಾಕ್ಷಿ, ಶಬ್ದ. ಇಂಗ್ಲಿಷಿನವರು ಸಕ್ಕರೆಯ ಮಿಠಾಯಿಗೆ ‘ಕ್ಯಾಂಡಿ’ ಎನ್ನುತ್ತಾರೆ. ಇದು ನಮ್ಮ ‘ಖಂಡ’ ಶಬ್ದವೇ. ಸಕ್ಕರೆಯ ತುಂಡಿಗೆ ಸಂಸ್ಕೃತದಲ್ಲಿ ಖಂಡವೆಂದು ಹೆಸರು. ಅದು ಪಾರಸಿ, ಅರಬ್ಬಿ ಭಾಷೆಗಳ ಬಾಯಲ್ಲಿ ‘ಕಂದ್’ ಆಗಿ, ಯುರೋಪಿಗೆ ಹೋಗಿ, ಕ್ಯಾಂಡಿಯೆಂಬ ವೇಷ ಧರಿಸಿ ನಮ್ಮ ಅಂಗಡಿಗೆ ಮರಳಿ ಬಂದಿದೆ. ‘ಶುಗರ್’ ಎಂಬುದೂ ಹಾಗೆಯೇ, ‘ಶರ್ಕರಾ’ದ ಮೊಮ್ಮಗು. ಬೆಲ್ಲಕ್ಕೆ ಇಂಗ್ಲಿಷಿನಲ್ಲಿ ಹೇಳುವ ‘ಜ್ಯಾಗರಿ’ಯಂತೂ ನಮ್ಮ ಈ ಪಡುವಣ ಕರಾವಳಿಯಲ್ಲಿ ಪೋರ್ಚುಗೀಸರು ಕೇಳಿ ಕಲಿತುಕೊಂಡು ಹೋದ ಅದೇ ಶಬ್ದ. ನಮ್ಮ ಮಗಳು ಪರದೇಶಕ್ಕೆ ಮದುವೆಯಾಗಿ ಹೋಗಿ, ಅಲ್ಲಿಯ ಉಡುಗೆ ತೊಟ್ಟು ತವರಿಗೆ ಬಂದರೆ, ‘ಯಾರೋ ಪರಕೀಯಳು’ ಎಂದು ಬಾಗಿಲು ಮುಚ್ಚುವುದು ಸರಿಯಲ್ಲ.

ಎರಡನೆಯ ಸಾಕ್ಷಿ, ಒಲೆ. ಕೇಕು, ಬಿಸ್ಕತ್ತುಗಳು ನಮ್ಮವಲ್ಲ ಎನ್ನಲು ಕಾರಣ, ನಮ್ಮ ಅಡಿಗೆಮನೆಯಲ್ಲಿ ಬೇಕರಿಯ ಗೂಡೊಲೆ ಇರಲಿಲ್ಲ ಎಂಬುದು. ಅದು ನಿಜ. ಕರಾವಳಿಯದು ಅಕ್ಕಿಯ ನಾಡು. ಗೋಧಿ ಹಿಟ್ಟಿನಲ್ಲಿರುವ ಅಂಟು ಅಕ್ಕಿ ಹಿಟ್ಟಿನಲ್ಲಿ ಇಲ್ಲ; ಆದಕಾರಣ ಅದು ರೊಟ್ಟಿಯಂತೆ ಗಾಳಿ ಹಿಡಿದು ಉಬ್ಬುವುದಿಲ್ಲ. ನಮ್ಮವರು ಹಬೆಯನ್ನೂ ಎಣ್ಣೆಯನ್ನೂ ನಂಬಿದ್ದು ಇದರಿಂದ. ಆದರೂ ಸುಡುವ ವಿದ್ಯೆ ನಮಗೆ ಗೊತ್ತೇ ಇರಲಿಲ್ಲವೆಂದು ಹೇಳಲಾಗದು. ಹದಿನಾರನೆಯ ಶತಮಾನದ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವೆಂಬ ಪಾಕಗ್ರಂಥವನ್ನು ಕನ್ನಡದಲ್ಲಿ ಬರೆದಿದ್ದಾನೆ. ಅದರಲ್ಲಿ ಮೇಲೆಯೂ ಕೆಳಗೂ ಕೆಂಡವಿಟ್ಟು ಬೇಯಿಸುವ ಮುಚ್ಚಳರೊಟ್ಟಿಯ ಮಾತು ಬರುತ್ತದೆ. ತುಳುನಾಡಿನ ಕೆಂಡದಡ್ಯೆ ಎಂಬ ಸಿಹಿಯೂ ಇದೇ ಜಾತಿಯದು: ಬಾಳೆ ಎಲೆ ಹಾಸಿದ ಪಾತ್ರೆಗೆ ಅಕ್ಕಿ, ಬೆಲ್ಲ, ಹಲಸು ಇಲ್ಲವೆ ಸೌತೆಯ ಹಿಟ್ಟನ್ನು ಹೊಯ್ದು, ಕೆಳಗೆ ಕೆಂಡ, ಮುಚ್ಚಳದ ಮೇಲೆ ಕೆಂಡ. ಇದು ನಮ್ಮ ಕೇಕಲ್ಲದೆ ಮತ್ತೇನು?

ಹೊರಗಿನಿಂದ ಬಂದುದನ್ನೂ ನಮ್ಮವರು ಸುಮ್ಮನೆ ನುಂಗಲಿಲ್ಲ, ಅಗಿದು ನಮ್ಮದಾಗಿಸಿಕೊಂಡರು. ಮಂಗಳೂರಿನ ಕ್ರೈಸ್ತ ಬಂಧುಗಳು ಕ್ರಿಸ್‌ಮಸ್ ಹಬ್ಬಕ್ಕೆ ನೆರೆಮನೆಗಳಿಗೆ ಹಂಚುವ ಕುಸ್ವಾರಿನ ತಟ್ಟೆಯನ್ನು ನೋಡಿ. ಕೇಕಿನ ಪಕ್ಕದಲ್ಲಿಯೇ ಚಕ್ಕುಲಿ, ಎಳ್ಳುಂಡೆಗಳು ಕುಳಿತಿರುತ್ತವೆ. ಪೋರ್ಚುಗೀಸರ ನೆನಪೂ ತೆಂಗಿನ ತೋಟದ ನೆನಪೂ ಒಂದೇ ತಟ್ಟೆಯಲ್ಲಿ. ಹಾಸನದ ಕಡೆಯ ಅಯ್ಯಂಗಾರರು ಮೊಟ್ಟೆ ಮುಟ್ಟದೆಯೇ ಬ್ರೆಡ್ಡು, ಬನ್ನು, ರಸ್ಕುಗಳನ್ನು ಸುಟ್ಟು, ಊರೂರಿಗೆ ಬೇಕರಿ ಇಟ್ಟರು. ಇನ್ನು ನಮ್ಮ ‘ಮಂಗಳೂರು ಬನ್ಸ್’. ಅದರ ಹೆಸರು ಇಂಗ್ಲಿಷು, ಆದರೆ ಅದು ಬೇಕರಿಯ ಮುಖವನ್ನೇ ಕಂಡುದಲ್ಲ. ಕಳಿತ ಬಾಳೆಹಣ್ಣನ್ನು ಸಕ್ಕರೆ ಮೊಸರುಗಳೊಡನೆ ಮೈದಾಕ್ಕೆ ಕಲಸಿ, ರಾತ್ರಿಯಿಡೀ ಇಟ್ಟು, ಬೆಳಗ್ಗೆ ಎಣ್ಣೆಯಲ್ಲಿ ಕರಿದರೆ ಬನ್ಸ್! ಹಾಳಾಗುವ ಹಣ್ಣನ್ನು ಉಳಿಸಿದ ಗೃಹಿಣಿಯ ಜಾಣ್ಮೆ ಅದು.

ಮೂರನೆಯ ಸಾಕ್ಷಿ, ತೋಟ. ಇದಕ್ಕಾಗಿ ನಾನು ಹುಡುಗನನ್ನು ಕರೆದುಕೊಂಡು ಮಳೆ ಬಿಟ್ಟ ಹೊತ್ತಿನಲ್ಲಿ ತೋಟಕ್ಕೆ ಇಳಿದೆ. ಪಂಪುಶೆಡ್ಡಿನ ಬಳಿ ನಮ್ಮದೊಂದು ಮುದಿ ಕೊಕ್ಕೋ ಮರ ಇದೆ. ಅದರ ಕಾಯಿ ರೆಂಬೆಯ ತುದಿಯಲ್ಲಿ ತೂಗುವುದಿಲ್ಲ. ಕಾಂಡದ ಮೈಗೇ ಅಂಟಿಕೊಂಡು ಬಿಡುತ್ತದೆ, ನಮ್ಮ ಹಲಸಿನಂತೆ. ಹಳದಿ ತಿರುಗಿದ ಕಾಯೊಂದನ್ನು ಕೊಯ್ದು, ಕಲ್ಲಿಗೆ ಬಡಿದು ಒಡೆದೆ. ಒಳಗೆ ಬಿಳಿಯ ಲೋಳೆಯಲ್ಲಿ ಸುತ್ತಿದ ಮೂವತ್ತು ನಲುವತ್ತು ಬೀಜ. ಒಂದನ್ನು ಚೀಪಲು ಕೊಟ್ಟೆ. ಹುಡುಗನ ಕಣ್ಣು ಅರಳಿತು. “ದೊಡ್ಡಪ್ಪಾ, ಇದು ಯಾವ ಹಣ್ಣು?” ಎಂದ. “ನೀನು ಡಬ್ಬಿಯಲ್ಲಿ ತಂದದ್ದು ಇದೇ ಮಗಾ” ಎಂದೆ. ಅವನು ನಂಬಲಿಲ್ಲ. ಅವನನ್ನು ದೂರಿ ಫಲವಿಲ್ಲ. ಚಾಕೊಲೇಟು ತಿನ್ನುವ ಲೋಕದಲ್ಲಿ ಕೊಕ್ಕೋ ಕಾಯಿಯನ್ನು ಕಂಡವರು ಎಷ್ಟು ಮಂದಿ?

ಈ ಬೀಜ ಸಿಹಿಯ ಪದವಿಗೆ ಏರುವುದು ಸುಲಭದ ಹಾದಿಯಲ್ಲಿ ಅಲ್ಲ. ಹಸಿ ಬೀಜಗಳನ್ನು ರಾಶಿ ಹಾಕಿ, ಮುಚ್ಚಿ ಐದಾರು ದಿನ ಹುಳಿಯಲು ಬಿಡಬೇಕು. ಲೋಳೆ ಕರಗಿ, ರಾಶಿ ತಾನೇ ಬಿಸಿಯೇರಿ, ಬೀಜದ ಒಗರು ಕುಗ್ಗುತ್ತದೆ. ಹುಳಿಸದ ಬೀಜಕ್ಕೆ ಚಾಕೊಲೇಟಿನ ಪರಿಮಳ ಬರುವುದೇ ಇಲ್ಲ. ಬಳಿಕ ಒಣಗಿಸಬೇಕು, ಹುರಿಯಬೇಕು, ಸಿಪ್ಪೆ ಹಾರಿಸಿ ಅರೆಯಬೇಕು. ತಿರುಳಿನಲ್ಲಿ ಅರ್ಧದಷ್ಟು ಬೆಣ್ಣೆಯೇ ಇರುವುದು. ಆ ಬೆಣ್ಣೆ ನಮ್ಮ ಮೈಯ ಬಿಸಿಗಿಂತ ಎರಡು ಮೂರು ಡಿಗ್ರಿ ಕಡಮೆಯಲ್ಲಿ ಕರಗುತ್ತದೆ. ನಾಲಗೆಯ ಮೇಲಿಟ್ಟೊಡನೆ ಕರಗುವ ಸುಖಕ್ಕೆ ಇದೇ ಕಾರಣ. ನಮ್ಮ ಸೆಕೆಗೆ ಜೇಬಿನಲ್ಲಿ ಕರಗುವ ದುಃಖಕ್ಕೂ ಇದೇ ಕಾರಣ!

ಕೊಕ್ಕೋವಿನ ತವರು ಅಮೆರಿಕ ಖಂಡ. ಮೆಕ್ಸಿಕೋದ ಹಿಂದಿನವರು ಅದನ್ನು ಕಹಿ ಪಾನಕವಾಗಿ ಕುಡಿಯುತ್ತಿದ್ದರು. ಸ್ಪೇನಿನವರು ಯುರೋಪಿಗೆ ಕೊಂಡೊಯ್ದು ಸಕ್ಕರೆ ಬೆರಸಿದರು. ಹಾಲಿನ ಚಾಕೊಲೇಟು ಹುಟ್ಟಿದ್ದು 1875ರಷ್ಟು ಈಚೆಗೆ, ಸ್ವಿಟ್ಜರ್ಲೆಂಡಿನಲ್ಲಿ. ಆ ದೇಶದ ಬಾಸೆಲ್ ಪಟ್ಟಣದ ಹೆಸರು ನಮಗೆ ಹೊಸತಲ್ಲ. 1834ರಲ್ಲಿ ಮಂಗಳೂರಿಗೆ ಬಂದು, 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನೂ 1894ರಲ್ಲಿ ಕಿಟ್ಟೆಲರ ನಿಘಂಟನ್ನೂ ನಮಗೆ ಕೊಟ್ಟ ಬಾಸೆಲ್ ಮಿಶನ್ ಅಲ್ಲಿಯದೇ. ಅದೇ ಮಿಶನ್ನಿನವರು 1850ರ ದಶಕದಲ್ಲಿ ಆಫ್ರಿಕದ ಪಡುಗರೆಯ ಗೋಲ್ಡ್ ಕೋಸ್ಟಿನಲ್ಲಿ, ಎಂದರೆ ಇಂದಿನ ಘಾನಾದಲ್ಲಿ, ಕೊಕ್ಕೋ ಗಿಡ ನೆಟ್ಟು ಪರೀಕ್ಷಿಸಿದ್ದರು. ನಮಗೆ ನಿಘಂಟು, ಅವರಿಗೆ ಕೊಕ್ಕೋ! ಈಗ ಲೋಕದ ಕೊಕ್ಕೋವಿನಲ್ಲಿ ಅರ್ಧಕ್ಕಿಂತ ಹೆಚ್ಚು ಘಾನಾ ಮತ್ತು ಅದರ ನೆರೆಯ ಐವರಿ ಕೋಸ್ಟ್ ಎರಡರಿಂದಲೇ ಬರುತ್ತದೆ. ಆದರೆ ಅಲ್ಲಿ ಬೆಳೆಯುವವರು ಬಹುಮಟ್ಟಿಗೆ ಬಡ ರೈತರು. ಶಾಲೆಗೆ ಹೋಗಬೇಕಾದ ಮಕ್ಕಳು ಕತ್ತಿ ಹಿಡಿದು ಕಾಯಿ ಒಡೆಯುವುದೂ ಉಂಟು. ಲೋಕದ ಮಕ್ಕಳಿಗೆ ಸಿಹಿಯಾದುದು ಆ ಮಕ್ಕಳಿಗೆ ಕಹಿಯಾಗಿಯೇ ಉಳಿದಿದೆ.

ತೋಟದಲ್ಲಿ ಹುಡುಗ ಸುತ್ತಲೂ ನೋಡಿ ಇನ್ನೊಂದು ಪ್ರಶ್ನೆ ಕೇಳಿದ: “ಒಂದೇ ಮರ ಯಾಕೆ ದೊಡ್ಡಪ್ಪಾ? ಉಳಿದವು ಎಲ್ಲಿ?”

ಆ ಪ್ರಶ್ನೆಗೆ ಉತ್ತರ ಹೇಳುವುದು ನನಗೆ ಕಷ್ಟವಾಯಿತು. 1970ರ ದಶಕದಲ್ಲಿ ಅಡಕೆಯ ನೆರಳಿನಲ್ಲಿ ಕೊಕ್ಕೋ ಬೆಳೆಸಿರೆಂದು ನಮ್ಮ ಜಿಲ್ಲೆಯಲ್ಲಿ ದೊಡ್ಡ ಪ್ರಚಾರ ನಡೆಯಿತು. ನಮ್ಮ ತಂದೆಯವರು ಎಂಬತ್ತು ಗಿಡ ನೆಟ್ಟರು. ಅವು ಫಲ ಬಿಡುವ ಹೊತ್ತಿಗೆ, ದಶಕದ ಕೊನೆಯಲ್ಲಿ, ಲೋಕದ ಪೇಟೆಯಲ್ಲಿ ಧಾರಣೆ ಕುಸಿಯಿತು. ಒಂದು ದಿನ ತಂದೆಯವರು ಎರಡು ಬುಟ್ಟಿ ಹಸಿ ಬೀಜವನ್ನು ಬಸ್ಸಿನ ಮೇಲೇರಿಸಿ ಪೇಟೆಗೆ ಹೋದರು. ನಾನೂ ಜೊತೆಗಿದ್ದೆ. ಕೊಳ್ಳುವವರ ಬಾಗಿಲಿಗೆ ಬೀಗ ಬಿದ್ದಿತ್ತು. ಹಸಿ ಕೊಕ್ಕೋ ಅಡಕೆಯಲ್ಲ, ಚೀಲದಲ್ಲಿ ಕಟ್ಟಿ ಅಟ್ಟದ ಮೇಲೆ ಇಡಲು. ಮನೆಗೆ ಮರಳುವ ಹೊತ್ತಿಗೆ ಬುಟ್ಟಿಯಿಂದ ಹುಳಿ ನೀರು ಸೋರುತ್ತಿತ್ತು. ತಂದೆಯವರು ಮಾತಾಡದೆ ಎರಡು ಬುಟ್ಟಿಯನ್ನೂ ಗೊಬ್ಬರದ ಗುಂಡಿಗೆ ಸುರಿದರು. ಮುಂದಿನ ವಾರ ಕೊಡಲಿ ತೆಗೆದುಕೊಂಡು ಹೋದರು. ಎಪ್ಪತ್ತೊಂಬತ್ತು ಮರ ಬಿದ್ದವು. ಪಂಪುಶೆಡ್ಡಿನ ಬಳಿಯದು ನೆರಳಿಗಿರಲಿ ಎಂದು ತಾಯಿಯವರು ಬೇಡಿಕೊಂಡದ್ದರಿಂದ ಉಳಿಯಿತು. ಆ ಎಂಬತ್ತು ಮರದ ಚಾಕೊಲೇಟಿನ ಒಂದು ತುಣುಕನ್ನೂ ತಂದೆಯವರು ತಿಂದವರಲ್ಲ.

ಆ ಕಷ್ಟಕಾಲದಲ್ಲಿಯೇ, 1973ರಲ್ಲಿ ಅಡಕೆ ಬೆಳೆಗಾರರಿಗಾಗಿ ಹುಟ್ಟಿದ್ದ ಕ್ಯಾಂಪ್ಕೊ ಎಂಬ ಸಹಕಾರಿ ಸಂಸ್ಥೆ ಕೊಕ್ಕೋ ಕೊಳ್ಳಲು ಮುಂದೆ ಬಂತು. ಬರಿಯ ಬೀಜ ಮಾರಿದರೆ ರೈತ ಸದಾ ಪರರ ಧಾರಣೆಗೆ ಕೈಯೊಡ್ಡಬೇಕೆಂದು ಕಂಡು, ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಬೆಳೆದ ಆ ಸಂಸ್ಥೆ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟು ಕಾರ್ಖಾನೆಯನ್ನೇ ನಿಲ್ಲಿಸಿತು. ಬೆಳೆದವರೇ ಒಡೆಯರಾದ ಚಾಕೊಲೇಟು ಕಾರ್ಖಾನೆ ಲೋಕದಲ್ಲಿ ಅಪರೂಪ. ಚಾರ್ಮಾಡಿಯಿಂದ ಗುರುವಾಯನಕೆರೆ, ಉಪ್ಪಿನಂಗಡಿ ದಾಟಿದರೆ ಪುತ್ತೂರು. ವಿಮಾನ ಬೇಡ, ಬಸ್ಸು ಸಾಕು. ನಮ್ಮ ತಂದೆಯವರ ಕೊಡಲಿ ಮಾತ್ರ ಸ್ವಲ್ಪ ಬೇಗನೆ ಎದ್ದುಬಿಟ್ಟಿತ್ತು.

2024ರ ಏಪ್ರಿಲಿನಲ್ಲಿ ಆಫ್ರಿಕದಲ್ಲಿ ಬೆಳೆ ಕೆಟ್ಟು, ನ್ಯೂಯಾರ್ಕಿನ ಪೇಟೆಯಲ್ಲಿ ಕೊಕ್ಕೋ ಟನ್ನಿಗೆ ಹನ್ನೊಂದು ಸಾವಿರ ಡಾಲರು ದಾಟಿತು. ಕಡಿದವರೆಲ್ಲ ಕೈ ಕೈ ಹಿಸುಕಿಕೊಂಡರು. 2025ರಲ್ಲಿ ಅದು ಮತ್ತೆ ಸುಮಾರು ಅರ್ಧಕ್ಕೆ ಇಳಿಯಿತು. ಆದುದರಿಂದ ಧಾರಣೆಯನ್ನು ನೋಡಿ ನೆಡಿರಿ ಎಂದಾಗಲಿ ಕಡಿಯಿರಿ ಎಂದಾಗಲಿ ಹೇಳಲು ನಾನು ಇಲ್ಲಿ ಕುಳಿತಿಲ್ಲ. ತಿನ್ನುವವರಿಗೆ ಮಾತ್ರ ನನ್ನದೊಂದು ಮಾತು: ಚಾಕೊಲೇಟನ್ನು ಪರದೇಶದ್ದೆಂದು ಹಳಿಯುವಾಗ, ನಾವು ಹಳಿಯುತ್ತಿರುವುದು ನೆರೆಮನೆಯವನ ದುಡಿಮೆಯನ್ನು ಎಂಬುದು ನೆನಪಿರಲಿ.

ಹಾಗೆಂದು ಮಕ್ಕಳ ಕೈಗೆ ಬೇಕಾದಷ್ಟು ಕೊಡಿರೆಂದು ಅರ್ಥವಲ್ಲ. ದಿನದ ಆಹಾರದ ಶಕ್ತಿಯಲ್ಲಿ ಸೇರಿಸಿದ ಸಕ್ಕರೆಯ ಪಾಲು ಹತ್ತರಲ್ಲಿ ಒಂದನ್ನು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. ದೊಡ್ಡವರಿಗೆ ಅದು ಸುಮಾರು ಐವತ್ತು ಗ್ರಾಂ. ಬೆಲ್ಲವಾದರೆ ದೋಷವಿಲ್ಲವೆಂದು ನಮ್ಮ ಹಿರಿಯರು ನಂಬಿದ್ದಾರೆ. ಹಲ್ಲಿನ ಹುಳುಕಿಗೆ ಬೆಲ್ಲ, ಸಕ್ಕರೆ ಎಂಬ ಪಂಕ್ತಿಭೇದ ಇಲ್ಲ. ಹೊದಿಕೆಯ ಹಿಂಬದಿಯನ್ನು ಓದುವ ಅಭ್ಯಾಸವೂ ಒಳ್ಳೆಯದು. ಕೊಕ್ಕೋ ಬೆಣ್ಣೆಯ ಬದಲಿಗೆ ಅಗ್ಗದ ಬೇರೆ ಕೊಬ್ಬು ಸೇರಿಸಿ ಬಣ್ಣದ ಕಾಗದ ಸುತ್ತಿದವೂ ಉಂಟು. ನಮ್ಮೂರಿನಲ್ಲಿ ಬಂದವರಿಗೆ ಮೊದಲು ಬೆಲ್ಲ ನೀರು ಕೊಡುವ ಪದ್ಧತಿ ಇದೆಯಷ್ಟೆ? ಬೆಲ್ಲ ಒಂದೇ ತುಂಡು, ನೀರು ಚೆಂಬು ತುಂಬ. ಸಿಹಿಯ ಪ್ರಮಾಣವನ್ನು ಇದಕ್ಕಿಂತ ಚೆನ್ನಾಗಿ ಹೇಳಿಕೊಡುವ ಶಾಸ್ತ್ರ ನನಗೆ ತಿಳಿಯದು.

ತೀರ್ಪಿನ ಮಾತು ಉಳಿಯಿತು. ತೋಟದಿಂದ ಮರಳಿದ ಹುಡುಗ ಅಜ್ಜಿಯ ಬಳಿ ಹೋಗಿ, ಮರ ಕಡಿದ ಕಥೆಯನ್ನು ಮತ್ತೊಮ್ಮೆ ಹೇಳಿಸಿಕೊಂಡ. ಹೇಳುವಾಗ ತಾಯಿಯವರು ಡಬ್ಬಿಯಿಂದ ಇನ್ನೊಂದು ಕಪ್ಪು ಬಿಲ್ಲೆ ತೆಗೆದು, ಈ ಸಲ ಕಚ್ಚದೆ ಬಾಯಲ್ಲಿ ಕರಗಲು ಬಿಟ್ಟರು. “ಕಹಿಯೇ. ಆದರೆ ಕೊನೆಗೆ ಒಂದು ಪರಿಮಳ ಉಂಟು” ಎಂದರು. ಹುಡುಗ ತಣ್ಣಗಾದ ಗಟ್ಟಿಯ ಒಂದು ತುಂಡನ್ನು ಮುರಿದು ತಿಂದ. ಚೆನ್ನಾಗಿದೆ ಎನ್ನಲಿಲ್ಲ, ಇನ್ನೊಂದು ತುಂಡು ಮುರಿದ. ವ್ಯಾಜ್ಯ ರಾಜಿಯಲ್ಲಿ ಮುಗಿಯಿತು.

ಹೊರಡುವ ಮೊದಲು ತಮ್ಮನೂ ಅವನ ಮಗನೂ ಸೇರಿ ತೋಟದಲ್ಲಿ ನಾಲ್ಕು ಕೊಕ್ಕೋ ಸಸಿ ನೆಟ್ಟು ಹೋಗಿದ್ದಾರೆ. ಎಂಬತ್ತಲ್ಲ, ನಾಲ್ಕು. ಈ ಮಳೆಗೆ ಮೂರು ಚಿಗುರಿವೆ.