ಎರಡು ಕಿಂಡಿಗಳ ಮಾತು



ಈಚೆಗೆ ಧರ್ಮವೇದಿಕೆಗಳ ಮೇಲೆ ಒಂದು ಮಾತು ಬಹಳ ಕೇಳಿಬರುತ್ತದೆ. “ನಾವು ನೋಡಿದರೆ ಕಣ, ನೋಡದಿದ್ದರೆ ಅಲೆ. ಜಗತ್ತು ಮನಸ್ಸಿನಿಂದಲೇ ಆದದ್ದು ಎಂಬುದನ್ನು ವಿಜ್ಞಾನವೇ ಸಿದ್ಧಮಾಡಿ ತೋರಿಸಿದೆ” ಎಂದು ಹೇಳುತ್ತಾರೆ. ಜನ ಚಪ್ಪಾಳೆ ತಟ್ಟುತ್ತಾರೆ. ಚಪ್ಪಾಳೆಗೆ ಮೊದಲು ಆ ವಿಜ್ಞಾನಿಗಳು ಏನು ಮಾಡಿದರು, ಏನು ಕಂಡರು ಎಂಬುದನ್ನು ಸಮಾಧಾನದಿಂದ ತಿಳಿಯೋಣ.

ಇಂಗ್ಲೆಂಡಿನಲ್ಲಿ ಥಾಮಸ್ ಯಂಗ್ ಎಂಬ ವೈದ್ಯರಿದ್ದರು. ಬೆಳಕೆಂದರೆ ಸಣ್ಣ ಸಣ್ಣ ಕಣಗಳ ಹರಿವು ಎಂದು ನ್ಯೂಟನ್ನರ ಕಾಲದಿಂದ ಬಹಳ ಮಂದಿ ನಂಬಿದ್ದರು. ಯಂಗ್ ಅದನ್ನು ಒಪ್ಪಲಿಲ್ಲ. ನೀವೆಲ್ಲ ಕೆರೆಗೆ ಕಲ್ಲು ಎಸೆದವರೇ. ಎರಡು ಕಲ್ಲು ಒಟ್ಟಿಗೆ ಬಿದ್ದರೆ ಎರಡು ಕಡೆಯಿಂದ ಅಲೆ ಏಳುತ್ತದೆ. ಉಬ್ಬಿಗೆ ಉಬ್ಬು ಸೇರಿದಲ್ಲಿ ನೀರು ಇನ್ನೂ ಏರುತ್ತದೆ. ಉಬ್ಬಿಗೆ ತಗ್ಗು ಸೇರಿದಲ್ಲಿ ನೀರು ಸುಮ್ಮನಾಗುತ್ತದೆ. ಬೆಳಕನ್ನು ಒತ್ತೊತ್ತಾದ ಎರಡು ಕಿಂಡಿಗಳಲ್ಲಿ ಹಾಯಿಸಿದರೆ ಎದುರಿನ ಪರದೆಯ ಮೇಲೆ ಹೀಗೆಯೇ ಬೆಳಕು, ಕತ್ತಲೆ, ಬೆಳಕು, ಕತ್ತಲೆ ಎಂದು ಪಟ್ಟೆಗಳು ಮೂಡುತ್ತವೆ. 1807ರಲ್ಲಿ ಅಚ್ಚಾದ ಅವರ ಉಪನ್ಯಾಸಗಳಲ್ಲಿ ಇದರ ವಿವರಣೆ ಇದೆ. ಬೆಳಕಿಗೆ ಬೆಳಕು ಕೂಡಿ ಕತ್ತಲೆಯಾಗುವುದೆಂದರೆ ಸಣ್ಣ ಮಾತಲ್ಲ! ಕಣಗಳು ಹೀಗೆ ಮಾಡಲಾರವು. ಜೋಳಕ್ಕೆ ಜೋಳ ಸುರಿದರೆ ರಾಶಿ ಹೆಚ್ಚುತ್ತದೆಯೇ ಹೊರತು ಬರಿದಾಗುವುದುಂಟೇ?

ಅಲ್ಲಿಗೆ ವಾದ ಮುಗಿಯಿತು ಎನ್ನಬೇಕು. ಮುಗಿಯಲಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಕಣವೆಂದೇ ಎಲ್ಲರೂ ಎಣಿಸಿದ್ದ ಎಲೆಕ್ಟ್ರಾನು ಕೂಡ ಇದೇ ಆಟ ಹೂಡಿತು. 1989ರಲ್ಲಿ ಜಪಾನಿನ ಅಕಿರಾ ತೊನೊಮುರಾ ಮತ್ತು ಸಂಗಡಿಗರು ಹಿಟಾಚಿ ಸಂಸ್ಥೆಯ ಪ್ರಯೋಗಶಾಲೆಯಲ್ಲಿ ಎಲೆಕ್ಟ್ರಾನುಗಳನ್ನು ಒಂದೊಂದಾಗಿ ಬಿಟ್ಟರು. ಕಿಂಡಿಗಳ ಬದಲು ಕೂದಲಿಗಿಂತ ನವಿರಾದ ಒಂದು ತಂತಿ. ಅದರ ಎಡಕ್ಕೊಂದು ದಾರಿ, ಬಲಕ್ಕೊಂದು ದಾರಿ. ಒಂದು ಎಲೆಕ್ಟ್ರಾನು ಬಂದರೆ ಪರದೆಯ ಮೇಲೆ ಒಂದೇ ಚುಕ್ಕೆ. ಮೊದಮೊದಲು ಚುಕ್ಕೆಗಳು ಅಂಗಳದಲ್ಲಿ ಚೆಲ್ಲಿದ ಸಾಸಿವೆಯಂತೆ ಎಲ್ಲೆಂದರಲ್ಲಿ ಬಿದ್ದವು. ಚುಕ್ಕೆಗಳು ಹತ್ತಾರು ಸಾವಿರವಾದಾಗ, ಯಂಗ್ ಹೇಳಿದ ಅದೇ ಪಟ್ಟೆಗಳು ನಿಧಾನವಾಗಿ ಎದ್ದುನಿಂತವು. ಒಂದು ಹೋಗಿ ಸೇರುವ ತನಕ ಇನ್ನೊಂದು ಹೊರಡದಷ್ಟು ವಿರಳವಾಗಿ ಅವನ್ನು ಬಿಟ್ಟಿದ್ದರು. ಹಾಗಾದರೆ ಆ ಒಂಟಿ ಎಲೆಕ್ಟ್ರಾನು ಯಾರೊಡನೆ ಕೂಡಿತು? ಯಾರಿಂದ ಕಳೆಯಿತು?

ಅದು ಯಾವ ದಾರಿ ಹಿಡಿಯಿತೆಂದು ಗುರುತು ಸಿಗುವ ಹಾಗೆ ಏನನ್ನಾದರೂ ಹೂಡಿದರೆ ಪಟ್ಟೆಗಳು ಅಳಿಸಿಹೋಗುತ್ತವೆ. ನಮ್ಮ ಭಾಷಣಕಾರರು ಹಿಡಿದುಕೊಂಡದ್ದು ಇದನ್ನೇ. ವಿಜ್ಞಾನಿಗಳು ಬಳಸಿದ “ವೀಕ್ಷಣೆ” ಎಂಬ ಮಾತು ಅವರನ್ನು ದಾರಿ ತಪ್ಪಿಸಿದೆ. ವೀಕ್ಷಣೆ ಎಂದೊಡನೆ ನಮಗೆ ಕಣ್ಣು, ಕಣ್ಣಿನ ಹಿಂದೆ ಮನಸ್ಸು ನೆನಪಿಗೆ ಬರುತ್ತವೆ.

ವಿಯೆನ್ನಾದ ವಿಜ್ಞಾನಿಗಳು ಇದನ್ನು ಚೆನ್ನಾಗಿ ಒರೆಗೆ ಹಚ್ಚಿದರು. 1999ರಲ್ಲಿ ಅವರು ಅರವತ್ತು ಇಂಗಾಲದ ಪರಮಾಣುಗಳು ಚೆಂಡಿನಂತೆ ಕೂಡಿದ ಅಣುವಿನಿಂದಲೂ ಪಟ್ಟೆಗಳನ್ನು ಪಡೆದರು. 2004ರಲ್ಲಿ ಎಪ್ಪತ್ತು ಪರಮಾಣುಗಳ ಅಣುವನ್ನು ತೆಗೆದುಕೊಂಡು, ಸಾಲುಸಾಲು ಕಿಂಡಿಗಳ ಜಾಲರಿಗಳಿಗೆ ಬಿಡುವ ಮೊದಲು ಲೇಸರಿನಿಂದ ಕಾಯಿಸಿದರು. ಕಮ್ಮಾರನ ಕುಲುಮೆಯಲ್ಲಿ ಕಾದ ಕಬ್ಬಿಣ ಬೆಳಗುವಂತೆ ಆ ಅಣುಗಳೂ ಹಾರುತ್ತ ಬೆಳಕು ಸೂಸಿದವು. ಅಣು ಎಲ್ಲಿತ್ತು ಎಂಬ ಸುಳಿವು ಆ ಬೆಳಕಿನಲ್ಲಿ ಹೊರಟುಹೋಯಿತು. ಅದನ್ನು ಹಿಡಿದವರಿಲ್ಲ, ನೋಡಿದವರಿಲ್ಲ. ಆದರೂ ಪಟ್ಟೆಗಳು ಮಾಸಿದವು. ಹೆಚ್ಚು ಕಾಯಿಸಿದಷ್ಟೂ ಹೆಚ್ಚು ಮಾಸಿದವು. ಇಲ್ಲಿ ಯಾರ ಮನಸ್ಸು ಕೆಲಸ ಮಾಡಿತು, ಹೇಳಿರಿ! ಸುಳಿವು ಹೊರಗೆ ಸೋರಿದರೆ ಸಾಕು, ನೋಡುವವನು ಬೇಕಿಲ್ಲ.

ಮನಸ್ಸೇ ಕಾರಣವೆಂದು ಹೇಳಿದ ದೊಡ್ಡ ವಿಜ್ಞಾನಿಗಳು ಇರಲಿಲ್ಲವೆಂದಲ್ಲ. ಯೂಜೀನ್ ವಿಗ್ನರ್ 1961ರಲ್ಲಿ ಹಾಗೆ ಬರೆದರು. ಮುಂದೆ ಅವರೇ ಆ ವಿಚಾರವನ್ನು ಕೈಬಿಟ್ಟರು. ಮೊದಲನೆಯದನ್ನು ವೇದಿಕೆಯ ಮೇಲೆ ಹೇಳುವವರು ಎರಡನೆಯದನ್ನೂ ಹೇಳುವುದು ನ್ಯಾಯ. ಅಂತರಂಗದ ಅನುಭವಕ್ಕೆ ಪ್ರಯೋಗಶಾಲೆಯಿಂದ ಪ್ರಮಾಣಪತ್ರ ತರಬೇಕೆನ್ನುವವನಿಗೆ, ನಾಳೆ ಆ ಪತ್ರ ರದ್ದಾದರೆ ಅನುಭವವೂ ರದ್ದಾಗಬೇಕಾಗುತ್ತದೆ. ಸಾಲ ತಂದ ಒಡವೆ ತೊಟ್ಟು ಮದುವೆಗೆ ಹೋದವಳ ಪಾಡು ಅದು.

ಹಾಗಾದರೆ ಎಲೆಕ್ಟ್ರಾನು ಯಾವ ಕಿಂಡಿಯಿಂದ ಹೋಯಿತು? ಇದನ್ನು ಕೇಳದೆ ನೀವು ಏಳುವವರಲ್ಲ. ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಗುರುತು ಹಿಡಿಯುವ ಉಪಕರಣ ಹೂಡದೆ ಆ ಪ್ರಶ್ನೆಗೆ ಅರ್ಥವೇ ಇಲ್ಲ ಎಂದರು ಡೆನ್ಮಾರ್ಕಿನ ನೀಲ್ಸ್ ಬೋರ್. ಐನ್‌ಸ್ಟೈನ್ ಅದನ್ನು ಒಪ್ಪದೆ 1927ರಲ್ಲಿ ಬ್ರಸೆಲ್ಸ್ ನಗರದ ಸಭೆಯಲ್ಲಿ ಅವರೊಡನೆ ವಾದಿಸಿದರು. ಕಣ ಒಂದೇ ಕಿಂಡಿಯಿಂದ ಹೋಗುತ್ತದೆ, ಅದನ್ನು ನಡೆಸುವ ಅಲೆ ಎರಡರಿಂದಲೂ ಹೋಗುತ್ತದೆ ಎಂದು 1952ರಲ್ಲಿ ಡೇವಿಡ್ ಬೋಮ್ ಲೆಕ್ಕ ಕಟ್ಟಿ ತೋರಿಸಿದರು. ಅಲೆಯೊಂದೇ ನಿಜ, ಅದರ ಕವಲು ಯಾವುದೂ ಅಳಿಯುವುದಿಲ್ಲ, ನೋಡುವ ನಾವೂ ಅದರೊಡನೆ ಕವಲೊಡೆಯುತ್ತೇವೆ ಎಂದು 1957ರಲ್ಲಿ ಹ್ಯೂ ಎವರೆಟ್ ಬರೆದರು. ಮೂವರ ಲೆಕ್ಕದಲ್ಲೂ ಪಟ್ಟೆಗಳು ಬೀಳುವುದು ಅದೇ ಜಾಗದಲ್ಲಿ. ಆದ್ದರಿಂದ ತೊನೊಮುರಾ ಅವರ ಪರದೆಯನ್ನು ಎಷ್ಟು ನೋಡಿದರೂ ಇವರಲ್ಲಿ ಯಾರು ಗೆದ್ದರೆಂದು ಹೇಳಲಾಗುವುದಿಲ್ಲ. ಭೌತವಿಜ್ಞಾನಿಗಳ ನಡುವೆ ಆ ವಾದ ಇಂದಿಗೂ ನಡೆದೇ ಇದೆ.