ಕೊರಳಿನ ಗುರಾಣಿ



ನಾನು ನಿವೃತ್ತನಾದ ವರ್ಷ ಬಸವನಗುಡಿಯನ್ನು ಬಿಟ್ಟು ವೈಟ್‌ಫೀಲ್ಡಿನ ಕಡೆ ಮನೆ ಮಾಡಿದೆವು. ಅಲ್ಲಿಗೆ ಬಂದ ಕೆಲವು ತಿಂಗಳಲ್ಲಿ ನನ್ನ ಮಡದಿ ಮೆಲ್ಲಮೆಲ್ಲನೆ ಮಂಕಾಗತೊಡಗಿದಳು. ಬೆಳಗ್ಗೆ ಏಳಲು ಬೇಸರ, ಬೇಸಗೆಯಲ್ಲೂ ಹೊದಿಕೆ, ಉದುರುವ ಕೂದಲು, ಊದಿಕೊಂಡ ಮುಖ. ಹಳೆಯ ನೆರೆಹೊರೆಯ ಹಂಬಲವೆಂದು ನಾನು ತೀರ್ಮಾನಿಸಿದೆ. ಮೂವತ್ತು ವರ್ಷ ಕಾವ್ಯಪಾಠ ಹೇಳಿದವನಿಗೆ ಎಲ್ಲಕ್ಕೂ ವಿರಹವೇ ಕಾರಣವಾಗಿ ತೋರುತ್ತದೆ. ಒಂದೆರಡು ಸಲ ‘ಸೋಮಾರಿತನ’ವೆಂಬ ಮಾತನ್ನೂ ಆಡಿದೆನೆಂದು ಒಪ್ಪಿಕೊಳ್ಳಬೇಕು. ಕೊನೆಗೊಂದು ದಿನ ದೂರವಾಣಿಯಲ್ಲಿ ಆಕೆಯ ದನಿ ಕೇಳಿದ ನಂಟರ ಹುಡುಗಿ, ವೈದ್ಯೆ, “ಅತ್ತೆ, ನಿಮ್ಮ ಗಂಟಲು ಯಾವಾಗಿನಿಂದ ಹೀಗೆ ಒರಟಾಗಿದೆ?” ಎಂದಳು. ಮರುದಿನವೇ ರಕ್ತಪರೀಕ್ಷೆ.

ಥೈರಾಯ್ಡ್ ಎಂಬ ಪದದ ಮೂಲದಲ್ಲಿ ಗ್ರೀಕರ ಗುರಾಣಿಯಿದೆ. ಗ್ರಂಥಿಯ ಆಕಾರವಾದರೋ ರೆಕ್ಕೆ ಬಿಚ್ಚಿದ ಚಿಟ್ಟೆಯದು. ಶ್ವಾಸನಾಳವನ್ನು ಅಪ್ಪಿಕೊಂಡು ಕೊರಳಿನ ಮುಂಭಾಗದಲ್ಲಿ ಕುಳಿತಿದೆ. ತೂಕ ಸುಮಾರು 20 ಗ್ರಾಂ. ಆಹಾರದ ಅಯೋಡಿನನ್ನು ಹೀರಿ ಅದು ಥೈರಾಕ್ಸಿನ್ ಎಂಬ ಹಾರ್ಮೋನನ್ನು ತಯಾರಿಸುತ್ತದೆ. ವಯಸ್ಕರಿಗೆ ದಿನಕ್ಕೆ 150 ಮೈಕ್ರೋಗ್ರಾಂ ಅಯೋಡಿನ್ ಸಾಕು. ಒಂದೇ ಗ್ರಾಮಿನಲ್ಲಿ ಆರು ಸಾವಿರಕ್ಕೂ ಹೆಚ್ಚು ಜನರ ಒಂದು ದಿನದ ಪಾಲು ಅಡಗಿದೆ! ಎದೆಯ ಬಡಿತ, ಮೈಯ ಕಾವು, ಕರುಳಿನ ಚಲನೆ, ಎಲ್ಲವೂ ಈ ಅಲ್ಪವನ್ನು ಅವಲಂಬಿಸಿವೆ. ಹುಟ್ಟಿದ ಕೂಸಿಗೆ ಈ ಹಾರ್ಮೋನಿನ ಕೊರತೆಯಿದ್ದು ಮೊದಲ ವಾರಗಳಲ್ಲೇ ಚಿಕಿತ್ಸೆ ದೊರೆಯದಿದ್ದರೆ ಮಿದುಳಿಗೆ ಆಗುವ ಹಾನಿಯನ್ನು ಆಮೇಲೆ ಸರಿಪಡಿಸಲಾಗದು.

ಅಯೋಡಿನ್ ಸಾಲದಿದ್ದಲ್ಲಿ ಗ್ರಂಥಿ ಹಿಗ್ಗುತ್ತದೆ, ಅದೇ ಗಳಗಂಡ. ನಮ್ಮ ಕೊಡಗು, ಚಿಕ್ಕಮಗಳೂರುಗಳಿಗೆ ಅದು ಅಪರಿಚಿತವಲ್ಲ. ಮಳೆ ಮಣ್ಣಿನ ಅಯೋಡಿನನ್ನು ತೊಳೆದೊಯ್ಯುತ್ತದೆ. ಈ ಕಾರಣದಿಂದಲೇ 1962ರಲ್ಲಿ ಆರಂಭವಾದ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮವು ಉಪ್ಪಿಗೆ ಅಯೋಡಿನ್ ಬೆರೆಸುವ ಹಾದಿ ಹಿಡಿಯಿತು.

ಆದರೆ ನಮ್ಮ ಮನೆಯಲ್ಲಿ ಬಹುಕಾಲದಿಂದ ಅಂಥ ಉಪ್ಪೇ ಇತ್ತಲ್ಲ! ಆಕೆಯ ವ್ಯಾಧಿ ಬೇರೆ ಬಗೆಯದು. ದೇಹದ ಕಾವಲುಪಡೆಯೇ ಗ್ರಂಥಿಯ ಮೇಲೆ ತಿರುಗಿಬಿದ್ದಿತ್ತು. 1912ರಲ್ಲಿ ಇದನ್ನು ವಿವರಿಸಿದ ಜಪಾನಿನ ವೈದ್ಯ ಹಷಿಮೊಟೊನ ಹೆಸರೇ ಅದಕ್ಕೆ ನಿಂತಿದೆ. ಗಂಡಸರಿಗಿಂತ ಹೆಂಗಸರನ್ನೇ ಇದು ಬಹಳವಾಗಿ ಕಾಡುತ್ತದೆ.

ಪರೀಕ್ಷೆಯ ಹಾಳೆಯಲ್ಲಿ ಟಿ.ಎಸ್.ಎಚ್. ಎಂಬ ಅಂಕ ಮೇರೆ ಮೀರಿ ಏರಿತ್ತು. ಗ್ರಂಥಿ ಅತಿಯಾಗಿ ದುಡಿಯುತ್ತಿದೆಯೆಂದು ನಾನು ಅರ್ಥಮಾಡಿದೆ. ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೇತ್ ನಡೆಸಿ ನಿವೃತ್ತನಾದ ನನ್ನ ತಮ್ಮ ನಕ್ಕ. ಅವನಿಗೆ ಇದೇ ಕಾಯಿಲೆಯ ಅನುಭವವಿತ್ತು. “ಯಂತ್ರ ನಿಧಾನವಾದಷ್ಟೂ ಮೇಸ್ತ್ರಿಯ ಕೂಗು ಜೋರಾಗುವುದಿಲ್ಲವೇ ಅಣ್ಣ?” ಎಂದ. ತಲೆಯೊಳಗಿನ ಪಿಟ್ಯುಟರಿ ಗ್ರಂಥಿಯೇ ಆ ಮೇಸ್ತ್ರಿ, ಟಿ.ಎಸ್.ಎಚ್. ಅದರ ಕೂಗು. ಥೈರಾಯ್ಡ್ ಅತಿಯಾಗಿ ದುಡಿದು ಮೈ ಸೊರಗಿ, ಕೈ ನಡುಗಿ, ಎದೆ ಡವಗುಟ್ಟುವ ಇನ್ನೊಂದು ರೋಗದಲ್ಲಿ ಸಾಮಾನ್ಯವಾಗಿ ಮೇಸ್ತ್ರಿ ಮೌನಿ.

1914ರ ಕ್ರಿಸ್ಮಸ್ ದಿನ ಅಮೆರಿಕದ ಕೆಂಡಾಲ್ ಥೈರಾಕ್ಸಿನ್ನಿನ ಹರಳುಗಳನ್ನು ಬೇರ್ಪಡಿಸಿದ. ಇಂದು ಅದು ದಿನಕ್ಕೊಂದು ಪುಟ್ಟ ಮಾತ್ರೆ. ಬರಿಹೊಟ್ಟೆಯಲ್ಲಿ ನೀರಿನೊಡನೆ ನುಂಗಬೇಕು. ಕಾಫಿ ಅದರ ಹೀರಿಕೆಯನ್ನು ತಗ್ಗಿಸುವುದರಿಂದ ಅರ್ಧ ಗಂಟೆಯಿಂದ ಒಂದು ಗಂಟೆ ತಡೆಯಬೇಕು. ಡಿಕಾಕ್ಷನ್ ಇಳಿದು ಪರಿಮಳ ಮನೆ ತುಂಬಿರುವಾಗ ಇದೇನು ಸಣ್ಣ ತಪಸ್ಸಲ್ಲ. ಸುಮಾರು ಆರು ವಾರಕ್ಕೆ ಮತ್ತೆ ರಕ್ತಪರೀಕ್ಷೆ, ಪ್ರಮಾಣದಲ್ಲಿ ತಿದ್ದುಪಡಿ.

ಮಡದಿಯ ದನಿ ತಿಳಿಯಾದುದು ಕೆಲವು ತಿಂಗಳ ಮೇಲೆ. ಅದರ ಮೊದಲ ಉಪಯೋಗ, ‘ಸೋಮಾರಿತನ’ವೆಂದು ನಾನಾಡಿದ ಮಾತನ್ನು ತಾರೀಖಿನ ಸಮೇತ ನನಗೆ ನೆನಪಿಸುವುದಕ್ಕಾಯಿತು.